ಬಸ್ಸಿನ ಬಾಗಿಲಲ್ಲಿ ಬೇರೆ ಚೇಚಿ

"ಕೈ ಕೊಡಮ್ಮ," ಎಂದಳು ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಹೊಸ ಹೆಂಗಸು.

ಆವಣಿ ಕೈ ಕೊಡಲಿಲ್ಲ. ಕಂಬಿ ಹಿಡಿದು ತಾನೇ ಹತ್ತಿದಳು. ಐದನೇ ಕ್ಲಾಸಿನವಳಿಗೆ ಯಾರ ಕೈಯೂ ಬೇಕಿಲ್ಲ. ಅದರಲ್ಲೂ ಈ ಕೈ ಬೇಡವೇ ಬೇಡ.

ನಿನ್ನೆಯವರೆಗೆ ಆ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳ ಅಮ್ಮ. ತಲಶ್ಶೇರಿಯ ಆಚೆ, ಹೊಳೆಯ ಪಕ್ಕದ ರಸ್ತೆಯಲ್ಲಿ ಓಡುವ ಆ ಸ್ಕೂಲ್ ಬಸ್ಸಿಗೆ ಏಳು ವರ್ಷ ಅವಳೇ ಆಯಾ. ಮಕ್ಕಳೆಲ್ಲ ಅವಳನ್ನು ಅಕ್ಕ ಎನ್ನುವ ಸಲಿಗೆಯಲ್ಲಿ 'ಪ್ರಸೀತ ಚೇಚಿ' ಎಂದು ಕರೆಯುತ್ತಿದ್ದರು. ಇವತ್ತು ಅಮ್ಮ ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದಳು. ಡ್ರೈವರ್ ಪವಿತ್ರನ್ ಮಾಮ ಅವಳ ಕಡೆ ನೋಡದೆ ಗೇರ್ ಹಾಕಿದರು.

ಆಗಿದ್ದು ಇಷ್ಟು. ಸೋಮವಾರ ಒಂದು ಆಟೋ ಅಡ್ಡ ಬಂತು. ಪವಿತ್ರನ್ ಮಾಮ ಬ್ರೇಕ್ ಒತ್ತಿದರು. ಎಲ್‌ಕೆಜಿಯ ಒಬ್ಬ ಹುಡುಗನ ತುಟಿ ಮುಂದಿನ ಸೀಟಿಗೆ ಬಡಿದು ಸ್ವಲ್ಪ ರಕ್ತ ಬಂತು. ಆಗ ಅಮ್ಮ ಹಿಂದಿನ ಸೀಟಿನಲ್ಲಿ ಇನ್ನೊಂದು ಮಗುವಿನ ವಾಂತಿ ಒರೆಸುತ್ತಿದ್ದಳು. ಹುಡುಗನ ಅಪ್ಪ ಮರುದಿನ ಶಾಲೆಗೆ ಬಂದು ಕೂಗಾಡಿದರು. ಸಂಜೆ ಅಮ್ಮನನ್ನು ಆಫೀಸಿಗೆ ಕರೆದರು. ಐದೇ ನಿಮಿಷ. ನಾಳೆಯಿಂದ ಬರಬೇಡಿ ಎಂದು ಹೇಳಿ, ಕೋಟು ಮತ್ತು ಐಡಿ ಕಾರ್ಡ್ ತೆಗೆದುಕೊಂಡು ಕಳಿಸಿಬಿಟ್ಟರು. ಲಾರಿ ಓಡಿಸುವ ಅಪ್ಪ ದೂರದ ಊರಿನಿಂದ ಫೋನಿನಲ್ಲಿ ಏನೇನೋ ಹೇಳಿದರು. ಅಮ್ಮ ಮಾತ್ರ, ಹೂಂ, ನೋಡೋಣ ಎಂದಷ್ಟೇ ಹೇಳಿ ಅನ್ನ ಬಸಿಯಲು ಎದ್ದಳು.

ಹೊಸಬಳ ಹೆಸರು ಷೈನಿ. ಅವಳಿಗೆ ಏನೂ ಗೊತ್ತಿರಲಿಲ್ಲ. ರಿಶಾನ್‌ನನ್ನು ಕಿಟಕಿಯ ಪಕ್ಕ ಕೂರಿಸಬೇಕು, ಇಲ್ಲದಿದ್ದರೆ ಸೇತುವೆಯ ತಿರುವು ಬರುವಷ್ಟರಲ್ಲಿ ಕಕ್ಕಿಬಿಡುತ್ತಾನೆ. ಅವಳಿ ಹುಡುಗರನ್ನು ಒಂದೇ ಸೀಟಿನಲ್ಲಿ ಕೂರಿಸಬಾರದು, ಕೂದಲು ಹಿಡಿದು ಜಗಳ ಶುರುವಾಗುತ್ತದೆ. ಆವಣಿಗೆ ಇದೆಲ್ಲ ಬಾಯಿಪಾಠ. ಅವಳು ಕೊನೆಯ ಸೀಟಿನಲ್ಲಿ ಬ್ಯಾಗ್ ಅಪ್ಪಿಕೊಂಡು ಸುಮ್ಮನೆ ಕೂತಳು.

ಏಳನೇ ಕ್ಲಾಸಿನ ಅದ್ವೈತ್ ಹಿಂದಕ್ಕೆ ತಿರುಗಿ ಕೇಳಿದ. "ಏ, ನಿಮ್ಮಮ್ಮನ್ನ ಔಟ್ ಮಾಡಿಬಿಟ್ರಂತೆ?"

"ನಿನಗೇನು? ಮುಂದೆ ನೋಡು," ಎಂದಳು ಆವಣಿ. ಕಿವಿಯೆಲ್ಲ ಬಿಸಿಯಾಯಿತು.

ಸೇತುವೆಯ ತಿರುವಿನಲ್ಲಿ ರಿಶಾನ್ ಕಕ್ಕಿದ, ಅದೂ ಷೈನಿಯ ಮಡಿಲಿಗೇ. ಅವಳಿ ಹುಡುಗರು ಕಿರುಚಾಡಿದರು. ಷೈನಿ ಒಂದು ಕೈಯಲ್ಲಿ ಸೀರೆ ಒರೆಸುತ್ತ ಇನ್ನೊಂದು ಕೈಯಲ್ಲಿ ಹುಡುಗರನ್ನು ಬಿಡಿಸುತ್ತ ಬೆವತುಹೋದಳು. ಆವಣಿಗೆ ಒಳಗೊಳಗೇ ಖುಷಿಯಾಯಿತು. ಆಗಲಿ, ಚೆನ್ನಾಗಿ ಆಗಲಿ ಅಂದುಕೊಂಡಳು.

ಸಂಜೆಯೂ ಅದೇ ಪರದಾಟ. ಯಾರ ಸ್ಟಾಪ್ ಯಾವುದು ಎಂದು ಷೈನಿ ಮಕ್ಕಳನ್ನೇ ಕೇಳಬೇಕಾಯಿತು. ಯೂಕೆಜಿಯ ಮಿನ್ಹ ತನ್ನ ಮನೆ ಕಾಣುತ್ತಲೇ ಎದ್ದು ನಿಂತಳು. ಗೇಟು ತೆರೆದಿತ್ತು. ಮಿನ್ಹ ಇಳಿದು ಒಳಗೆ ಓಡಿದಳು. ಷೈನಿ ಕೈ ಬೀಸಿದಳು, ಬಸ್ಸು ಹೊರಟಿತು.

ಇವತ್ತು ಬುಧವಾರ. ಬುಧವಾರ ಮಿನ್ಹಳನ್ನು ಮನೆಯ ಹತ್ತಿರ ಇಳಿಸುವುದಿಲ್ಲ. ಆ ದಿನ ಅವಳ ತಾಯಿಗೆ ಕೆಲಸದಿಂದ ಬರುವುದು ತಡ, ಮನೆಗೆ ಬೀಗ. ಮಾವ ನಸೀರ್ ಅವರ ಟೈಲರ್ ಅಂಗಡಿಯ ಮುಂದೆ ಇಳಿಸಬೇಕು. ಆವಣಿಗೆ ಅದು ಗೊತ್ತಿತ್ತು. ಬಾಯಿವರೆಗೆ ಬಂತು ಕೂಡ. ಆದರೆ ಅದ್ವೈತ್ ಮತ್ತೆ ತನ್ನ ಕಡೆ ನೋಡುತ್ತಿದ್ದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಯಲ್ಲಿ ಅಮ್ಮ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಬೆಳಗಿನಿಂದ ಮೂರು ಕಡೆ ಕೆಲಸ ಕೇಳಿ ಬಂದಿದ್ದಳು. ಬಟ್ಟೆ ಅಂಗಡಿಯಲ್ಲಿ ಹರೆಯದವರೇ ಬೇಕಂತೆ. ಬೇಕರಿಯವರು ಮುಂದಿನ ತಿಂಗಳು ಬಾ ಎಂದರಂತೆ. ಹೊಸ ನರ್ಸಿಂಗ್ ಹೋಮಿನಲ್ಲಿ ಮೇಡಂ ಇರಲಿಲ್ಲ, ನಾಳೆ ಒಂಬತ್ತಕ್ಕೆ ಸಿಗುತ್ತಾರಂತೆ.

ಆವಣಿ ಬಾಳೆಹಣ್ಣಿನ ಬಜ್ಜಿ ಪಳಂಪೊರಿ ತಿನ್ನುತ್ತ ಬಸ್ಸಿನ ಕತೆಯನ್ನೆಲ್ಲ ಹೇಳಿದಳು. ರಿಶಾನ್ ಕಕ್ಕಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದಳು. ಅಮ್ಮ ನಗುತ್ತಾಳೆ ಅಂದುಕೊಂಡಿದ್ದಳು. ಅಮ್ಮ ನಗಲಿಲ್ಲ. ರಿಶಾನ್‌ಗೆ ಆಮೇಲೆ ಬಾಯಿ ತೊಳೆಸಿದರಾ, ನೀರು ಕುಡಿಸಿದರಾ ಎಂದು ಕೇಳಿದಳು.

ಆಗಲೇ ಫೋನ್ ಬಂತು. ಅಮ್ಮ ಅಣ್ಣನಿಗೆ ಹೇಳುವಂತೆ 'ಇಕ್ಕ' ಎನ್ನುವ ನಸೀರ್. ಅಮ್ಮನ ಕೆಲಸ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಐದು ಗಂಟೆಯಾಗುತ್ತಾ ಬಂತು, ಬಸ್ಸು ಇನ್ನೂ ಬರಲಿಲ್ಲವಲ್ಲ ಎಂದು ಕೇಳುತ್ತಿದ್ದರು.

ಅಮ್ಮ ಫೋನಿಗೆ ಕೈ ಅಡ್ಡ ಹಿಡಿದು ಆವಣಿಯ ಕಡೆ ತಿರುಗಿದಳು. "ಮಿನ್ಹ ಎಲ್ಲಿ ಇಳಿದ್ಲು?"

ಆವಣಿ ಪಳಂಪೊರಿ ಕೆಳಗಿಟ್ಟಳು. "ಮನೆ ಹತ್ರ," ಎಂದಳು.

ಅಮ್ಮ ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿದಳು. ಹಿಂದೆ ಆವಣಿ. ಅರ್ಧ ಮೈಲಿ ದೂರ, ಎಡಕ್ಕೆ ಉದ್ದಕ್ಕೂ ಹೊಳೆ. ಆವಣಿ ಆ ನೀರನ್ನು ಇವತ್ತಿನವರೆಗೆ ಹೀಗೆ ನೋಡಿರಲಿಲ್ಲ. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮಿನ್ಹಳ ಬ್ಯಾಗು ನೀಲಿಯೋ ಕೆಂಪೋ ನೆನಪಾಗಲಿಲ್ಲ.

ಮಿನ್ಹ ಬೀಗ ಹಾಕಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಸುಮ್ಮನಾದ ಮುಖ. ಅಮ್ಮನನ್ನು ಕಂಡು, "ಚೇಚಿ, ಬೆಳಿಗ್ಗೆ ನೀವು ಯಾಕೆ ಬರಲಿಲ್ಲ?" ಎಂದಳು. ಅಮ್ಮ ಅವಳನ್ನು ಎತ್ತಿಕೊಂಡಳು. ತುಂಬ ಹೊತ್ತು ಇಳಿಸಲಿಲ್ಲ.

ನಸೀರ್ ಸ್ಕೂಟರಿನಲ್ಲಿ ಬಂದರು. ನಡೆದದ್ದು ಗೊತ್ತಾದಾಗ ಅವರ ಮುಖ ಕೆಂಪಾಯಿತು. "ನಾಳೆನೇ ಆಫೀಸಿಗೆ ಹೋಗ್ತೀನಿ. ಆ ಹೊಸಬಳನ್ನ ತೆಗೆಸಿ ನಿನ್ನನ್ನೇ ವಾಪಸ್ ಕರೆಸ್ತೀನಿ. ನೋಡ್ತಾ ಇರು, ಪ್ರಸೀತ," ಎಂದರು.

ಆವಣಿಗೆ ಆಸೆ ಹುಟ್ಟಿತು. ಅಮ್ಮ ಹೂಂ ಅಂದರೆ ಸಾಕಿತ್ತು. ಅಮ್ಮನಿಗೂ ಆಸೆ ಇತ್ತು, ಅವಳ ಕಣ್ಣಲ್ಲೇ ಕಾಣುತ್ತಿತ್ತು. ಅಮ್ಮ ಮಿನ್ಹಳ ಕೂದಲು ಸರಿಮಾಡಿದಳು. ಮತ್ತೊಮ್ಮೆ ಸರಿಮಾಡಿದಳು.

"ಆಫೀಸಿಗೆ ಹೋಗಿ, ನಸೀರ್ ಇಕ್ಕ," ಎಂದಳು ಕೊನೆಗೆ. "ಹೋಗಲೇಬೇಕು. ಆದರೆ ಇದ್ದದ್ದನ್ನ ಹೇಳಿ. ನನ್ನನ್ನ ಐದು ನಿಮಿಷದಲ್ಲಿ ಹೊರಗೆ ಕಳಿಸಿದ್ರು. ಯಾವ ಮಗು ಎಲ್ಲಿ ಇಳಿಯುತ್ತೆ ಅಂತ ಒಂದು ಮಾತು ಕೇಳಲಿಲ್ಲ. ಆ ಹುಡುಗಿಗೂ ಯಾರೂ ಹೇಳಲಿಲ್ಲ. ಅವಳದು ಇವತ್ತು ಮೊದಲ ದಿನ."

"ನನಗೆ ಗೊತ್ತಿತ್ತು," ಎಂದಳು ಆವಣಿ.

ಇಬ್ಬರೂ ಅವಳ ಕಡೆ ನೋಡಿದರು.

"ಬುಧವಾರ ಅಂತ ನನಗೆ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ."

ನಸೀರ್ ಸ್ಕೂಟರ್ ತಿರುಗಿಸಿದರು. ಮಿನ್ಹಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟುಹೋದರು.

ವಾಪಸ್ ಬರುವಾಗ ಅಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ರೇಷನ್ ಅಂಗಡಿ ದಾಟಿದ ಮೇಲೆ ಆವಣಿ ತಾನೇ ಕೇಳಿದಳು. "ನಿನಗೆ ಸ್ವಲ್ಪವೂ ಸಿಟ್ಟಿಲ್ವಾ?"

"ಇದೆ. ಹೊಟ್ಟೆ ತುಂಬ ಇದೆ. ಆದರೆ ಅದು ನನ್ನ ಸಿಟ್ಟು. ನೀನು ಅದನ್ನ ಹೊತ್ಕೊಂಡು ಬಸ್ಸು ಹತ್ತಬೇಡ."

"ಮತ್ತೆ ನೀನು ಏನು ಮಾಡ್ತೀಯ?"

"ಏನು ಮಾಡ್ತೀನಿ, ನಾಳೆ ಒಂಬತ್ತಕ್ಕೆ ಅಲ್ಲಿರಬೇಕು. ಹಸಿರು ಸೀರೆ ಇಸ್ತ್ರಿ ಮಾಡಬೇಕು. ನಡಿ ಬೇಗ, ಕರೆಂಟ್ ಹೋಗೋ ಮುಂಚೆ."

ಮರುದಿನ ಆವಣಿ ಹಿಂದಿನ ಸೀಟಿಗೆ ಹೋಗಲಿಲ್ಲ. ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಕೂತಳು. ಷೈನಿಯ ಕಣ್ಣು ಊದಿತ್ತು. ನಸೀರ್ ಆಗಲೇ ಆಫೀಸಿಗೆ ಫೋನ್ ಮಾಡಿದ್ದರು ಎಂದು ಕಾಣುತ್ತದೆ.

ಎರಡು ಸ್ಟಾಪ್ ಆದ ಮೇಲೆ ರಿಶಾನ್ ಹತ್ತಿದಾಗ ಆವಣಿ ಹೇಳಿದಳು. "ಅವನನ್ನ ಕಿಟಕಿ ಹತ್ರ ಕೂರಿಸಿ. ಗ್ಲಾಸ್ ತೆಗೆದಿಡಿ. ಸೇತುವೆ ಬಂದಾಗ ಏನಾದ್ರೂ ಪ್ರಶ್ನೆ ಕೇಳಿ, ಮರೆತುಬಿಡ್ತಾನೆ."

ಷೈನಿ ಹಾಗೇ ಮಾಡಿದಳು. ಬಸ್ಸು ಸೇತುವೆಯ ತಿರುವು ದಾಟಿತು. ರಿಶಾನ್ ತನ್ನ ಮನೆಯ ಮೇಕೆಮರಿಯ ವಿಷಯ ಹೇಳುತ್ತಲೇ ಇದ್ದ.

"ನಿಮ್ಮಮ್ಮ ಅವರಾಗೇ ಕೆಲಸ ಬಿಟ್ರು ಅಂತ ನನಗೆ ಹೇಳಿದ್ರು," ಎಂದಳು ಷೈನಿ, ತಗ್ಗಿದ ದನಿಯಲ್ಲಿ.

"ಅವರಾಗೇ ಬಿಡಲಿಲ್ಲ," ಎಂದಳು ಆವಣಿ.

ಮುಂದಿನ ಸ್ಟಾಪ್ ಬಂತು. ಷೈನಿ ಅವಳಿ ಹುಡುಗರನ್ನು ತೋರಿಸಿ, ಇವರನ್ನ ಎಲ್ಲಿ ಕೂರಿಸಲಿ ಎಂದು ಕೇಳಿದಳು. ಆವಣಿ ಹೇಳಿದಳು. ಅದ್ವೈತ್ ಹಿಂದಿನಿಂದ "ಓಹೋ, ಚಿಕ್ಕ ಆಯಾ" ಎಂದ. ಆವಣಿ ತಿರುಗಿ ನೋಡಲಿಲ್ಲ.

ನರ್ಸಿಂಗ್ ಹೋಮಿನವರು ಆ ದಿನ ಜಾಗ ಇಲ್ಲ ಎಂದರು. ಅಮ್ಮ ನಾಲ್ಕು ದಿನ ಬಿಟ್ಟು ಮತ್ತೆ ಹೋದಳು. ಮತ್ತೂ ಒಮ್ಮೆ ಹೋದಳು. ನಡುವೆ ಯಾರದೋ ಮದುವೆ ಮನೆಯಲ್ಲಿ ತರಕಾರಿ ಹೆಚ್ಚಿದಳು, ಒಂದು ವಾರ ಬೇಕರಿಯಲ್ಲಿ ಪೊಟ್ಟಣ ಕಟ್ಟಿದಳು. ಮೂರನೇ ವಾರ ನರ್ಸಿಂಗ್ ಹೋಮಿನವರೇ ಕರೆದರು. ಮಕ್ಕಳ ವಾರ್ಡಿನಲ್ಲಿ ಒಬ್ಬರು ಬೇಕಾಗಿದ್ದರು. ಶಾಲೆಯ ಆಫೀಸಿನಿಂದ ಮಾತ್ರ ಒಂದು ಫೋನೂ ಬರಲಿಲ್ಲ.

ಅಮ್ಮನ ಹೊಸ ಕೆಲಸದ ಮೊದಲ ದಿನ ಸ್ಕೂಲ್ ಬಸ್ಸು ಅವಳನ್ನು ದಾಟಿ ಹೋಯಿತು. ಅಮ್ಮ ರಸ್ತೆಯ ಅಂಚಿನಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ನಡೆಯುತ್ತಿದ್ದಳು. ಬಸ್ಸಿನ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಆವಣಿ ಗ್ಲಾಸು ಬಡಿದು ಕರೆಯಬೇಕೆಂದು ಕೈ ಎತ್ತಿದಳು.

ಬೇಡ ಅನ್ನಿಸಿತು. ಅಮ್ಮನಿಗೆ ಹೊತ್ತಾಗುತ್ತದೆ.

ಬಸ್ಸು ನಿಂತಿತು. ಕೆಳಗೆ ಒಬ್ಬ ಹೊಸ ಹುಡುಗ, ಕುತ್ತಿಗೆಗೆ ನೀರಿನ ಬಾಟಲಿ ಜೋತುಹಾಕಿಕೊಂಡು, ಹತ್ತಲಾರೆ ಎಂದು ಅಜ್ಜಿಯ ಸೀರೆ ಹಿಡಿದು ನಿಂತಿದ್ದ. ಷೈನಿ ಕೆಳಗಿಳಿದು ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಈ ಹುಡುಗನ ವಿಷಯ ಆವಣಿಗೂ ಏನೂ ಗೊತ್ತಿರಲಿಲ್ಲ. ಅವಳು ತನ್ನ ಪಕ್ಕದ ಬ್ಯಾಗು ತೆಗೆದು ಕಾಲ ಹತ್ತಿರ ಇಟ್ಟಳು, ಜಾಗ ಮಾಡಿ ಕಾದಳು.