ಹಾರಬೇಡ, ಗುಬ್ಬಿ

"ಬರುವಾಗ ಕಾಲಿಗೆ ನಡುಕ ಬಂತಾ?"

ವಿಮಾನದಿಂದ ಇಳಿದು ನೆಲಕ್ಕೆ ಕಾಲಿಟ್ಟಿದ್ದಳಷ್ಟೇ. ಈ ಪ್ರಶ್ನೆ ಕೇಳಿ ಅವಳು ತಬ್ಬಿಬ್ಬಾದಳು.

ಕೇಳಿದವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ತೋಳು ಮಡಚಿದ ನೀಲಿ ಅಂಗಿ, ಜೇಬಿನಲ್ಲೊಂದು ಪುಟ್ಟ ಟಾರ್ಚು. ಮಾತಾಡುತ್ತಿದ್ದುದು ಅವಳ ಜೊತೆಯಾದರೂ ಕಣ್ಣು ಮಾತ್ರ ಆಗಷ್ಟೇ ತಿರುಗಿ ನಿಂತ ಪ್ರೊಪೆಲ್ಲರ್ ಮೇಲಿತ್ತು.

"ಯಾರು ನೀವು?"

"ಹೊಸ ಇಂಜಿನಿಯರ್. ಪೆಡಲ್ ಮೇಲಿಟ್ಟ ಕಾಲಿಗೆ ನಡುಕ ಬಂತಾ ಅಂತ ಕೇಳಿದೆ. ನೀವು ಇಳಿಯುವಾಗ ಶಬ್ದ ಯಾಕೋ ಸರಿಯಿಲ್ಲ ಅನ್ನಿಸ್ತು."

ಬಂದಿತ್ತು. ಸಮುದ್ರದ ನಟ್ಟನಡುವೆ, ಎಡಗಾಲಿನ ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಸಣ್ಣ ನಡುಕ. ಆಮೇಲೆ ತಾನಾಗಿಯೇ ನಿಂತಿತ್ತು.

ಬಂತು ಅಂದರೆ ವಿಮಾನ ಶೆಡ್ಡು ಸೇರುತ್ತದೆ. ನಾನು ನೆಲ ಕಾಯುತ್ತಾ ಕೂರಬೇಕಾಗುತ್ತದೆ...

"ಇಲ್ಲ," ಎಂದಳು.

ಅವನು ಮೊದಲ ಸಲ ಅವಳ ಮುಖ ನೋಡಿದ. ನಂಬಿದನೋ ಬಿಟ್ಟನೋ ತಿಳಿಯಲಿಲ್ಲ. "ಬಂದ್ರೆ ಹೇಳಿ," ಎಂದಷ್ಟೇ ಹೇಳಿ ಶೆಡ್ಡಿನೊಳಗೆ ಹೋದ.

ಆ ಒಂದು ಸುಳ್ಳು ತನ್ನನ್ನು ಎಲ್ಲಿಗೆ ಕರೆದೊಯ್ಯಲಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವರು ಸೋದರಮಾವ ಮತ್ತು ಅತ್ತೆ. ಕಡಲಂಚಿನ ಆ ಪುಟ್ಟ ನಿಲ್ದಾಣದಲ್ಲಿ ಮಾವನಿಗಿದ್ದುದು ಒಂದು ತಗಡಿನ ಶೆಡ್ಡು, ಒಂಟಿ ಇಂಜಿನ್ನಿನ ಒಂದೇ ಒಂದು ವಿಮಾನ. ಎದುರಿನ ದ್ವೀಪಕ್ಕೆ ಜನ, ಔಷಧ, ಅಂಚೆ ಎಲ್ಲಾ ಅದರಲ್ಲೇ ಹೋಗಬೇಕು. ಚಿಕ್ಕಂದಿನಲ್ಲಿ ಹತ್ತಿದ ಕಡೆಯಿಂದೆಲ್ಲ ಧುಮುಕುತ್ತಿದ್ದ ಹುಡುಗಿಗೆ ಅತ್ತೆ ಇಟ್ಟ ಹೆಸರು ಗುಬ್ಬಿ. ಪೈಲಟ್ ಆದ ಮೇಲೂ ಅದೇ ಹೆಸರು ಉಳಿಯಿತು.

ಇಂಜಿನಿಯರಿನದು ಬೇರೆಯೇ ಕಥೆ. ವಿಮಾನದ ಒಳಗನ್ನೆಲ್ಲ ಬಲ್ಲ ಅವನು ವಿಮಾನ ಹತ್ತುತ್ತಿರಲಿಲ್ಲ. ಕೆಲಸಕ್ಕೆ ಸೇರಲು ಬಂದಿದ್ದೂ ಬಸ್ಸಿನಲ್ಲಿ.

"ಅಲ್ಲಪ್ಪಾ, ಈಜು ಬಾರದ ಮೀನಿನ ಹಾಗಾಯ್ತಲ್ಲ ನಿನ್ನ ಕಥೆ," ಎಂದು ಅತ್ತೆ ಅವನಿಗೆ ಟೀ ಕೊಡುತ್ತಾ ನಗುತ್ತಿದ್ದರು.

"ಒಳಗೆ ಏನೇನಿದೆ ಅಂತ ಗೊತ್ತಿರೋದೇ ತೊಂದರೆ ಅಮ್ಮಾ," ಎನ್ನುತ್ತಿದ್ದ ಅವನು, ಕಿವಿಯವರೆಗೂ ಕೆಂಪಾಗಿ.

ಗುಬ್ಬಿಗೆ ಅವನ ಆ ಕೆಂಪು ಕಿವಿ ಇಷ್ಟವಾಗತೊಡಗಿತು. ಸಂಜೆ ವಿಮಾನ ಇಳಿಸುವಾಗ ರನ್‌ವೇಯ ಕೊನೆಯಲ್ಲಿ ಆ ನೀಲಿ ಅಂಗಿ ಕಂಡರೆ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ನಡುಕ ಬಂತಾ ಎಂದು ಅವನು ಪ್ರತಿದಿನವೂ ಕೇಳುತ್ತಿದ್ದ. ಅವಳು ಪ್ರತಿದಿನವೂ ಇಲ್ಲ ಎನ್ನುತ್ತಿದ್ದಳು.

ಆದರೆ ನಡುಕ ಬೆಳೆಯುತ್ತಿತ್ತು. ಅಂಗಾಲಿನಿಂದ ಮೊಣಕಾಲಿಗೆ ಏರಿತು. ಒಂದು ದಿನ ಸೀಟಿಗೂ ಬಂತು. ಗಾಳಿಯ ಕಾಟ ಅಂದುಕೊಂಡಳು. ಸೀಟಿನ ಬೋಲ್ಟು ಸಡಿಲವಾಗಿರಬೇಕು ಅಂದುಕೊಂಡಳು. ಅವನು ಪ್ರೊಪೆಲ್ಲರಿನ ಬ್ಲೇಡಿನ ಮೇಲೆ ಬುಡದಿಂದ ತುದಿಯವರೆಗೆ ಎಳೆದಂತಿದ್ದ ಗ್ರೀಸಿನ ತೆಳ್ಳನೆ ಗೆರೆ ತೋರಿಸಿದಾಗ ಅವಳು ಕಣ್ಣು ತಪ್ಪಿಸಿದಳು.

"ನಿನ್ನೆ ಒರೆಸಿದ್ದೆ. ಮತ್ತೆ ಬಂದಿದೆ. ಬುಡದಲ್ಲಿ ಏನೋ ಬಾಯಿ ಬಿಡ್ತಿದೆ," ಎಂದ ಅವನು. "ಬಿಚ್ಚಿ ನೋಡಬೇಕು ಅಂತ ನಿಮ್ಮ ಮಾವನಿಗೆ ಹೇಳಿದ್ದೀನಿ. ಮುಂದಿನ ವಾರ ಅಂತಾರೆ."

ಈಗ ಹೇಳಿಬಿಡಲಾ?

ಹೇಳಿದರೆ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದು ಇವನಿಗೆ ಗೊತ್ತಾಗುತ್ತದೆ...

ಹೇಳಲಿಲ್ಲ.

ಆ ವಾರವೇ ವಿಮಾನಯಾನ ಇಲಾಖೆಯಿಂದ ಆಜ್ಞೆ ಬಂತು. ದೂರದ ಯಾವುದೋ ಊರಿನಲ್ಲಿ ಇಂಥದ್ದೇ ವಿಮಾನವೊಂದರ ಬ್ಲೇಡು ಆಕಾಶದಲ್ಲೇ ಕಿತ್ತುಹೋಗಿತ್ತು. ಯಾರೂ ಬದುಕಿರಲಿಲ್ಲ. ಬ್ಲೇಡಿನ ಬುಡ ಹಿಡಿದಿಡುವ ಉಕ್ಕಿನ ಕ್ಲಾಂಪಿನಲ್ಲಿ ದೋಷ. ಅದೇ ತಯಾರಿಕೆಯ ಕ್ಲಾಂಪು ಇರುವ ಯಾವ ವಿಮಾನವೂ ಅದನ್ನು ಬದಲಿಸದೆ ನೆಲ ಬಿಡುವಂತಿಲ್ಲ.

ಇವರ ವಿಮಾನದಲ್ಲಿದ್ದುದೂ ಅದೇ.

ಇಂಜಿನಿಯರ್ ಪ್ರೊಪೆಲ್ಲರಿಗೆ ಕೆಂಪು ಪಟ್ಟಿ ಕಟ್ಟಿದ. ಹೊಸ ಕ್ಲಾಂಪು ಬರುವವರೆಗೆ ಹಾರಾಟವಿಲ್ಲ.

ಮಾವ ಕೆಂಡವಾದರು. ಶೆಡ್ಡಿನ ಬಾಗಿಲಲ್ಲಿ ಗುಬ್ಬಿಯನ್ನು ಪಕ್ಕಕ್ಕೆ ಕರೆದರು. "ಆಜ್ಞೆ ಬರೋಕೆ ಮೊದಲೇ ಅವನು ವಿಮಾನ ನಿಲ್ಲಿಸಿ ಅಂತ ನನ್ನ ಬೆನ್ನು ಹತ್ತಿದ್ದ. ಯಾಕೆ ಗೊತ್ತಾ? ನಿನ್ನ ಮೇಲೆ ಮನಸ್ಸು ಅವನಿಗೆ. ನೀನು ಹಾರೋದು ಅವನಿಗೆ ಬೇಡ. ಇವತ್ತು ಪಟ್ಟಿ ಕಟ್ಟಿದ, ನಾಳೆ ನಿನ್ನ ರೆಕ್ಕೆ ಕಟ್ತಾನೆ."

ಆ ಮಾತು ಅವಳಿಗೆ ನಾಟಿತು. ನೇರ ಅವನ ಮುಂದೆ ಹೋಗಿ ನಿಂತಳು.

"ನನ್ನ ಜಾಗದಲ್ಲಿ ಬೇರೆ ಪೈಲಟ್ ಇದ್ದಿದ್ರೆ ಹೀಗೇ ನಿಲ್ಲಿಸ್ತಿದ್ರಾ?"

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಕಿವಿ ಕೆಂಪಾಯಿತು.

ಅವಳಿಗೆ ಆ ಮೌನವೇ ಉತ್ತರವಾಗಿ ಕೇಳಿಸಿತು. ಇವನೂ ಅಷ್ಟೇ. ಪ್ರೀತಿ ಅಂದರೆ ಪಂಜರ ಅಂದುಕೊಂಡವನು. ಕಣ್ಣಲ್ಲಿ ನೀರು ಬರುವ ಮೊದಲೇ ಅಲ್ಲಿಂದ ಹೊರಟಳು.

ಮರುದಿನ ಬೆಳಿಗ್ಗೆ ದ್ವೀಪದಿಂದ ಫೋನ್ ಬಂತು.

ಅತ್ತೆ ತಮ್ಮ ತಂಗಿಯನ್ನು ನೋಡಿಕೊಂಡು ಬರಲು ಹಿಂದಿನ ವಾರ ಅಲ್ಲಿಗೆ ಹೋಗಿದ್ದರು. ರಾತ್ರಿಯಿಡೀ ಹೊಟ್ಟೆನೋವು. ಈಗ ಜ್ವರ ಏರಿದೆ, ಹೊಟ್ಟೆ ಕಲ್ಲಿನಂತಾಗಿದೆ. ತಡಮಾಡದೆ ಆಪರೇಷನ್ ಆಗಬೇಕು, ಇಲ್ಲಿ ಆಗದು ಎಂದು ದ್ವೀಪದ ನರ್ಸ್ ಹೇಳಿದಳು. ಹಿಂದಿನಿಂದ ಅತ್ತೆಯ ದನಿ ಕ್ಷೀಣವಾಗಿ ಕೇಳಿಸಿತು. "ಗುಬ್ಬಿಗೆ ಹೇಳಬೇಡಿ... ಹೆದರ್ತಾಳೆ..."

ಮಾವನ ಕೈಯಿಂದ ಫೋನ್ ಜಾರಿತು.

ಅವರು ನೇರ ಶೆಡ್ಡಿಗೆ ನಡೆದು ಕೆಂಪು ಪಟ್ಟಿಯನ್ನು ಕಿತ್ತು ಬಿಸಾಕಿದರು. "ಹೊರಡು ಗುಬ್ಬಿ. ಹೋಗಿ ಕರ್ಕೊಂಡು ಬಾ."

"ಹೋಗೋ ಹಾಗಿಲ್ಲ ಸಾರ್," ಎಂದ ಇಂಜಿನಿಯರ್ ಅಡ್ಡ ನಿಂತು.

"ನೀನು ಯಾರಯ್ಯಾ ಹೇಳೋಕೆ? ಅಲ್ಲಿ ಸಾಯ್ತಿರೋದು ನನ್ನ ಹೆಂಡತಿ. ಇವತ್ತಿಂದ ನಿನಗೆ ಇಲ್ಲಿ ಕೆಲಸ ಇಲ್ಲ, ಹೋಗು."

ಗುಬ್ಬಿ ಆಗಲೇ ಸೀಟಿನಲ್ಲಿದ್ದಳು. ಅತ್ತೆ ಇಲ್ಲದ ಮನೆಯನ್ನು ಅವಳಿಗೆ ಊಹಿಸಲೂ ಆಗುತ್ತಿರಲಿಲ್ಲ. ಒಂದೇ ಒಂದು ಸಲ. ಹೋಗಿ ಬಂದುಬಿಡುತ್ತೇನೆ. ಇಷ್ಟು ದಿನ ಏನೂ ಆಗದ್ದು ಇವತ್ತೇ ಆಗುತ್ತಾ?

ಅಡ್ಡ ನಿಂತವನು ಫೋನ್ ಕಿವಿಗಿಟ್ಟು ಶೆಡ್ಡಿನ ಹಿಂದೆ ಹೋದ. ಸದ್ಯ, ದಾರಿ ಬಿಟ್ಟ ಎಂದುಕೊಂಡು ಅವಳು ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತತೊಡಗಿದಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು.

ಅವನು ಹತ್ತಿ ಕುಳಿತ. ಬೆಲ್ಟು ಎಳೆದುಕೊಂಡ. ಕೊಂಡಿ ಮೂರನೆಯ ಸಲಕ್ಕೆ ಸಿಕ್ಕಿಕೊಂಡಿತು.

"ಏನ್ಮಾಡ್ತಿದ್ದೀರಾ?"

"ನೀವು ಹೋಗೋದಾದ್ರೆ ನಾನೂ ಬರ್ತೀನಿ."

"ನಿಮಗೆ ಭಯ ಅಲ್ವಾ..."

"ತುಂಬಾ ಭಯ. ಸ್ಟಾರ್ಟ್ ಮಾಡಿ."

ಇಂಜಿನ್ ಶುರುವಾಯಿತು. ವಿಮಾನ ಮೆಲ್ಲಗೆ ರನ್‌ವೇಯ ತುದಿಗೆ ಸರಿಯಿತು. ಎದುರಿಗೆ ಬೂದುಬಣ್ಣದ ಸಮುದ್ರ ಬಾಯ್ತೆರೆದುಕೊಂಡು ಕೂತಿತ್ತು. ಅವಳು ವೇಗ ಏರಿಸುತ್ತಿದ್ದಂತೆ ಅದು ಬಂತು... ಎಡಗಾಲಿಗೆ, ಮೊಣಕಾಲಿಗೆ, ಸೀಟಿಗೆ. ಇವತ್ತು ಎದುರಿನ ಗಾಜು ಕೂಡ ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು.

ಅವಳು ಪಕ್ಕಕ್ಕೆ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಬೇಡ ಎನ್ನಲಿಲ್ಲ.

ಒಬ್ಬಳೇ ಇದ್ದಾಗ ಗಾಳಿ ಎಂದು, ಬೋಲ್ಟು ಎಂದು ತಳ್ಳಿಹಾಕಿದ್ದ ನಡುಕ, ಪಕ್ಕದಲ್ಲಿ ಇವನು ಕುಳಿತ ಕೂಡಲೇ ಸಾವು ಎಂದು ಅರ್ಥವಾಯಿತು. ಬರುವಾಗ ಈ ಸೀಟಿನಲ್ಲಿ ಅತ್ತೆ ಇರುತ್ತಾರೆ. ಇದೇ ಪ್ರೊಪೆಲ್ಲರಿನ ಹಿಂದೆ, ಇದೇ ಸಮುದ್ರದ ಮೇಲೆ.

ಅವಳು ಇಂಜಿನ್ ಆರಿಸಿದಳು.

ಆ ನಿಶ್ಶಬ್ದದಲ್ಲಿ ಅವಳ ದನಿ ಅವಳಿಗೇ ಅಪರಿಚಿತವೆನಿಸಿತು. "ನಡುಕ ಇದೆ."

"ಯಾವತ್ತಿಂದ?"

"ನೀವು ಬಂದ ದಿನದಿಂದ. ದಿನಾ ಸುಳ್ಳು ಹೇಳಿದೆ."

ಅವನು ಬೆಲ್ಟಿನ ಕೊಂಡಿ ಬಿಚ್ಚಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದರಿಗೆ ಫೋನ್ ಮಾಡಿದ್ದೆ," ಎಂದ. "ಆಗಲೇ ಹೇಳಿದ್ರೆ ನೀವ್ಯಾರೂ ಕೇಳ್ತಿರಲಿಲ್ಲ." "ಗಸ್ತಿನ ಸ್ಪೀಡ್ ಬೋಟು ಡಾಕ್ಟರನ್ನ ಕರ್ಕೊಂಡು ಹೊರಡುತ್ತೆ. ವಿಮಾನದಷ್ಟು ಬೇಗ ಅಲ್ಲ. ಆದ್ರೆ ತಲುಪುತ್ತೆ." ಬಾಗಿಲು ತೆರೆದು ಇಳಿದ. ಇಳಿದವನು ಹಿಂದಿರುಗಿ ನೋಡಲಿಲ್ಲ.

ಆ ದಿನ ಮಧ್ಯಾಹ್ನದವರೆಗೂ ಗುಬ್ಬಿ ಬಂದರಿನ ಕಟ್ಟೆಯ ಮೇಲೆ ಮಾವನ ಪಕ್ಕ ಕುಳಿತಿದ್ದಳು. ಮಾವ ಅವಳೊಡನೆ ಮಾತಾಡಲಿಲ್ಲ. ಅಲೆಗಳು ಎದ್ದಾಗಲೆಲ್ಲ ಅವಳು ಬೋಟಿಗಾಗಿ ಕಣ್ಣು ಹಾಯಿಸುತ್ತಿದ್ದಳು. ನಾನು ಇಂಜಿನ್ ಆರಿಸಿದ್ದಕ್ಕೇ ಅತ್ತೆ ಹೋಗಿಬಿಟ್ಟರೆ... ಆ ಯೋಚನೆಯನ್ನು ಮುಗಿಸುವ ಧೈರ್ಯ ಅವಳಿಗಿರಲಿಲ್ಲ.

ಕೊನೆಗೆ ಬೋಟು ಬಂತು. ಕಂಬಳಿ ಸುತ್ತಿದ್ದ ಅತ್ತೆಯ ಮುಖ ಮೇಣದಂತಿತ್ತು. ಬಂದರಿನಿಂದ ಆಸ್ಪತ್ರೆಗೆ, ಅಲ್ಲಿಂದ ಆಪರೇಷನ್ ಕೋಣೆಗೆ. ಬಾಗಿಲು ಮುಚ್ಚಿತು.

ಅದೇ ಹೊತ್ತಿಗೆ ಇಂಜಿನಿಯರ್ ಕಾರಿಡಾರಿನಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು. ಮಾವನ ಮುಂದೆ ಬಿಚ್ಚಿಟ್ಟ.

ವಿಮಾನದಿಂದ ಬಿಚ್ಚಿ ತಂದ ಕ್ಲಾಂಪು, ಅರ್ಧ ಬಳೆಯಂತಿದ್ದ ಉಕ್ಕಿನ ತುಂಡು. ಅದರ ಮೇಲೆ ಕಪ್ಪು ದಾರದಂಥ ಬಿರುಕು ಈ ಅಂಚಿನಿಂದ ಹೊರಟು ಆ ಅಂಚಿನ ಹತ್ತಿರದವರೆಗೂ ಹೋಗಿತ್ತು. ಉಳಿದಿದ್ದುದು ಉಗುರಿನಷ್ಟು ಅಗಲ.

"ಇವತ್ತು ಮೇಲೇರಿದ್ರೆ ದ್ವೀಪ ಮುಟ್ತಿರಲಿಲ್ಲ ಸಾರ್," ಎಂದ ಮೆಲ್ಲಗೆ.

ಮಾವ ಆ ಬಿರುಕಿನ ಮೇಲೆ ಬೆರಳಾಡಿಸಿದರು. ಗುಬ್ಬಿಯನ್ನು ನೋಡಿದರು. ಗೋಡೆಗೆ ಬೆನ್ನು ಒರಗಿಸಿ ಕುಸಿದು ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಾನೇ ಹತ್ತಿಸಿದ್ದೆ ಮಗೂ ನಿನ್ನ... ನನ್ನ ಕೈಯಾರೆ ಹತ್ತಿಸಿದ್ದೆ..."

ಅವಳು ಅವರ ತಲೆಯನ್ನು ಎದೆಗೊತ್ತಿಕೊಂಡಳು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ಅವಳು ಕಂಡಿದ್ದು ಅದೇ ಮೊದಲು.

ಅತ್ತೆ ಬದುಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕೀವು ಹರಡಿದ್ದರಿಂದ ಆಸ್ಪತ್ರೆವಾಸ ಉದ್ದವಾಯಿತು. ಅವರು ಎದ್ದು ಕೂರುವಷ್ಟಾಗುವ ಹೊತ್ತಿಗೆ ಹೊಸ ಕ್ಲಾಂಪುಗಳೂ ಬಂದವು. ಮಾವ ಇಂಜಿನಿಯರಿನ ಕೋಣೆಗೇ ಹೋಗಿ, ಕೆಲಸ ಬಿಡಬೇಡ ಎಂದು ಕೇಳಿಕೊಂಡು ಬಂದರು.

ಆದರೆ ಅವನು ಗುಬ್ಬಿಯೊಡನೆ ಮಾತು ನಿಲ್ಲಿಸಿದ್ದ. ಎದುರಾದರೆ ತಲೆಯಾಡಿಸಿ ದಾಟಿಬಿಡುತ್ತಿದ್ದ. ಅವಳು ಕ್ಷಮೆ ಕೇಳಲು ಹೋದಾಗಲೆಲ್ಲ ಏನೋ ಕೆಲಸ ನೆನಪಾಗುತ್ತಿತ್ತು ಅವನಿಗೆ.

ಒಂದು ಮಧ್ಯಾಹ್ನ ಅತ್ತೆಯನ್ನು ನೋಡಿ ಹೊರಟವನನ್ನು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ತಡೆದಳು.

"ಎಷ್ಟು ದಿನ ಹೀಗೆ? ಬೈದು ಮುಗಿಸಿಬಿಡಿ."

ಅವನು ಕಂಬ ಹಿಡಿದು ನಿಂತ. "ಬೈಯೋಕೆ ಬಾಯಿ ಬರಲ್ಲ. ದಿನಾ ನೀವು ಇಲ್ಲ ಅಂತಿದ್ರಿ, ನಾನು ನಂಬ್ತಿದ್ದೆ. ನಂಬಿ ಮತ್ತೆ ಮರುದಿನ ಕಳಿಸ್ತಿದ್ದೆ. ಏನಾದ್ರೂ ಆಗಿದ್ರೆ... ನಿಮ್ಮನ್ನ ಕಳಿಸಿದವನು ನಾನೇ ಆಗ್ತಿದ್ದೆ ಅಲ್ವಾ?"

ಅವಳಿಗೆ ಆಗ ಅರ್ಥವಾಯಿತು, ತಾನು ಏನು ಮಾಡಿದ್ದೆ ಎಂದು.

"ತಪ್ಪಾಯ್ತು," ಎಂದಳು. "ಹಾರೋದನ್ನ ಕಳ್ಕೊಳ್ತೀನಿ ಅಂತ ಭಯ ಇತ್ತು. ಆಮೇಲೆ ನಿಮ್ಮನ್ನ ಕಳ್ಕೊಳ್ತೀನಿ ಅಂತ."

ಅವನು ತಲೆಯೆತ್ತಿದ.

"ಅವತ್ತು ಒಂದು ಕೇಳಿದ್ರಿ," ಎಂದ. "ಬೇರೆ ಪೈಲಟ್ ಇದ್ದಿದ್ರೆ ನಿಲ್ಲಿಸ್ತಿದ್ರಾ ಅಂತ. ನಿಲ್ಲಿಸ್ತಿದ್ದೆ. ಯಾರಿದ್ರೂ ನಿಲ್ಲಿಸ್ತಿದ್ದೆ. ಆದ್ರೆ ನಿಲ್ಲಿಸಿ ಮನೆಗೆ ಹೋಗಿ ಮಲ್ಕೊಳ್ತಿದ್ದೆ. ನಿಮ್ಮ ವಿಷಯದಲ್ಲಿ ನಿದ್ದೆ ಬರ್ತಿರಲಿಲ್ಲ. ಅದನ್ನ ಹೇಗೆ ಹೇಳೋದು ಅಂತ ಗೊತ್ತಾಗದೆ ಸುಮ್ಮನಿದ್ದೆ."

"ಈಗ ಹೇಳಿದ್ರಲ್ಲ."

"ಈಗಲೂ ಪೂರ್ತಿ ಹೇಳಿಲ್ಲ." ಅವನು ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ. "ನೀನು ಎಷ್ಟು ದೂರ ಬೇಕಾದ್ರೂ ಹಾರು. ನಿನ್ನ ರೆಕ್ಕೆ ಮುಟ್ಟಲ್ಲ ನಾನು. ಇಳಿದು ಬಂದಾಗ ಸತ್ಯ ಹೇಳು, ಅಷ್ಟು ಸಾಕು."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿಯಲ್ಲಿ ಮಾತ್ರ ನಗು.

"ಇನ್ನೊಂದು ಸಲ ಹೇಳಿ."

"ಯಾವುದು? ಸತ್ಯದ್ದಾ?"

"ಅಲ್ಲ. 'ನೀನು' ಅಂದ್ರಲ್ಲ... ಅದು."

ತಾನು ಹಾಗಂದಿದ್ದು ಅವನಿಗೆ ಆಗಷ್ಟೇ ಅರಿವಿಗೆ ಬಂತು. ಕಿವಿ ಮತ್ತೆ ಕೆಂಪಾಯಿತು. ಆಮೇಲೆ ಅವಳಿಗೆ ಮಾತ್ರ ಕೇಳಿಸುವಂತೆ ಹೇಳಿದ.

"ನೀನು."