ಮುತ್ತಿನತ್ತೆ ಒಳ್ಳೆಯವಳು

“ಯಾಕೇ ನಿಲ್ಲಿಸಿಬಿಟ್ಟೆ? ಓದು. ಅವಳು ಯಾಕೆ ಹೊಡೆದಳು?” ಅಜ್ಜಿ ಟಿವಿಯಿಂದ ಕಣ್ಣು ಕೀಳದೆ ಕೇಳಿದರು.

ಮೊಮ್ಮಗಳು ರೇಡಿಯೋ ಪರದೆಯನ್ನೇ ನೋಡಿದಳು. ಟಿವಿಯಲ್ಲಿ ಆಗಷ್ಟೇ ಒಂದು ಭರ್ಜರಿ ಕಪಾಳಮೋಕ್ಷ ಆಗಿತ್ತು. ಹೊಡೆಸಿಕೊಂಡ ಸೊಸೆ ಕೆನ್ನೆ ಹಿಡಿದುಕೊಂಡು ನಿಂತಿದ್ದಳು. ಹೊಡೆದ ಅತ್ತೆಯ ಕೊರಳಲ್ಲಿ ಮುತ್ತಿನ ಸರ ಇನ್ನೂ ತೂಗಾಡುತ್ತಿತ್ತು. ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ‘ಈ ಮನೆಯಲ್ಲಿ ನಿನಗೆ ಜಾಗವಿಲ್ಲ, ತೊಲಗು’ ಎಂದು ಬಂದಿತ್ತು.

“ನಿನ್ನ ಕೆನ್ನೆ ಮೇಲೆ ಸೊಳ್ಳೆ ಕೂತಿತ್ತು,” ಎಂದು ಓದಿದಳು ರೇಡಿಯೋ.

“ಒಂದು ಸೊಳ್ಳೆಗೆ ಅಷ್ಟು ಜೋರಾಗಿ ಹೊಡೀಬೇಕಾ?”

“ದೊಡ್ಡ ಸೊಳ್ಳೆ ಅಜ್ಜಿ.”

ಅಜ್ಜಿ ಯೋಚಿಸಿ ತಲೆಯಾಡಿಸಿದರು. “ಅವರದ್ದು ಸಮುದ್ರದ ಪಕ್ಕದ ಮನೆ ಅಲ್ವಾ. ಸೊಳ್ಳೆಗಳೂ ಚೆನ್ನಾಗಿ ತಿಂದುಂಡು ದಪ್ಪಗೇ ಇರುತ್ತವೆ.”

ಅಷ್ಟರಲ್ಲಿ ಅತ್ತೆ ಸೊಸೆಯ ಸೂಟ್‌ಕೇಸನ್ನು ಎತ್ತಿ ಮೆಟ್ಟಿಲ ಮೇಲಿಂದ ಎಸೆದಳು. ಬಟ್ಟೆಗಳೆಲ್ಲ ಅಂಗಳದ ತುಂಬ ಹಾರಿದವು.

“ಸ್ವಲ್ಪ ದಿನ ಟೂರ್ ಹೋಗಿ ಬಾ ಮಗಳೇ, ನಿನ್ನ ಲಗೇಜ್ ರೆಡಿ,” ಎಂದು ರೇಡಿಯೋ ಗಡಿಬಿಡಿಯಲ್ಲಿ ಓದಿದಳು.

“ಪಾಪ, ಒಳ್ಳೆಯವಳು,” ಎಂದರು ಅಜ್ಜಿ. “ಕೈ ಮಾತ್ರ ಸ್ವಲ್ಪ ಒರಟು.”

ರೇಡಿಯೋ ಎಂಬುದು ಅವಳ ನಿಜವಾದ ಹೆಸರಲ್ಲ. ಅಂಗಡಿಯ ಬೋರ್ಡು, ಬಸ್ಸಿನ ಹಿಂದೆ ಬರೆದದ್ದು, ಬಿಸ್ಕತ್ ಪ್ಯಾಕೆಟ್ಟಿನ ಹಿಂಬದಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಅವಳು ಗಟ್ಟಿಯಾಗಿ ಓದುತ್ತಿದ್ದಳು. ಅದಕ್ಕೇ ಅಪ್ಪ ಹಾಗೆ ಕರೆದರು. ಐದನೇ ಕ್ಲಾಸಿಗೆ ಬಂದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಅಜ್ಜಿಯ ಸೀರಿಯಲ್ ಟರ್ಕಿ ದೇಶದ್ದು. ಸಮುದ್ರದ ದಂಡೆಯಲ್ಲಿ ಒಂದು ದೊಡ್ಡ ಮನೆ, ಮನೆ ತುಂಬ ಜನ, ಎಲ್ಲರ ಕೈಯಲ್ಲೂ ಪುಟ್ಟ ಗಾಜಿನ ಲೋಟದಲ್ಲಿ ಚಹಾ. ಅವರು ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು. ಅದರ ಅರ್ಥ ಕೆಳಗೆ ನಮ್ಮ ಭಾಷೆಯಲ್ಲಿ ಬರುತ್ತಿತ್ತು. ಅಜ್ಜಿಗೆ ಓದಲು ಬರುತ್ತಿತ್ತು, ಆದರೆ ನಿಧಾನ. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಆ ಸಾಲು ಎದ್ದು ಹೋಗಿ ಅಲ್ಲಿ ಇನ್ನೊಂದು ಬಂದು ಕೂತಿರುತ್ತಿತ್ತು.

“ಈ ಅಕ್ಷರಗಳಿಗೇನು ಬಸ್ ತಪ್ಪಿ ಹೋಗುತ್ತಾ?” ಎಂದು ಅಜ್ಜಿ ಬೈಯುತ್ತಿದ್ದರು. ಆದ್ದರಿಂದ ದಿನಾ ಸಂಜೆ ರೇಡಿಯೋ ಓದಬೇಕು, ಅಜ್ಜಿ ನೋಡಬೇಕು.

ಅಲ್ಲಿಯವರ ಹೆಸರುಗಳಿಗೂ ಅಜ್ಜಿಯ ನಾಲಿಗೆ ಹೊರಳುತ್ತಿರಲಿಲ್ಲ. ಅವರೇ ಬೇರೆ ಹೆಸರು ಇಟ್ಟುಕೊಂಡಿದ್ದರು. ಸೊಸೆಯ ಹೆಸರು ಕಣ್ಣೀರಮ್ಮ. ಅವಳ ಗಂಡ ಹಸಿರು ಕೋಟು. ಅತ್ತೆ ಮುತ್ತಿನತ್ತೆ.

ಮೊದಲೆಲ್ಲ ರೇಡಿಯೋ ಇದ್ದದ್ದನ್ನು ಇದ್ದ ಹಾಗೇ ಓದುತ್ತಿದ್ದಳು. ಒಂದು ದಿನ ಮುತ್ತಿನತ್ತೆ ಕಣ್ಣೀರಮ್ಮನ ಕೈಯಿಂದ ಅವಳ ಮಗುವನ್ನು ಕಿತ್ತುಕೊಂಡಳು. ಅವತ್ತು ಅಜ್ಜಿ ಅತ್ತೂ ಅತ್ತೂ ಊಟ ಮಾಡದೆ ಮಲಗಿದರು.

ಅಮ್ಮನಿಗೆ ಗಾಬರಿ. “ಅತ್ತೆ, ನಿಮ್ಮ ಬಿಪಿಗೆ ಡಾಕ್ಟರ್ ಏನ್ ಹೇಳಿದ್ದಾರೆ? ಬೇಜಾರು ಮಾಡ್ಕೋಬೇಡಿ ಅಂದಿಲ್ವಾ? ಇನ್ನೊಂದ್ಸಲ ಹೀಗಾದ್ರೆ ನಾನು ಆ ಚಾನೆಲ್ಲನ್ನೇ ತೆಗೆಸಿಬಿಡ್ತೀನಿ.”

ರೇಡಿಯೋಗೆ ಎರಡು ಹೆದರಿಕೆ ಒಟ್ಟಿಗೇ ಆದವು. ಅಜ್ಜಿಗೆ ಏನಾದರೂ ಆದರೆ? ಚಾನೆಲ್ ಹೋದರೆ? ಮರುದಿನ ಮುತ್ತಿನತ್ತೆ ಬಾಯಿ ತೆರೆದ ಕೂಡಲೇ ಅವಳು ಓದಿದ್ದು ಹೀಗೆ: “ಸೊಸೆ ತುಂಬಾ ಸುಸ್ತಾಗಿದ್ದಾಳೆ. ಸ್ವಲ್ಪ ರೆಸ್ಟ್ ತಗೊಳ್ಳಲಿ. ಮಗುವನ್ನು ನಾನೇ ನೋಡ್ಕೊಳ್ತೀನಿ.”

ಅಜ್ಜಿಯ ಮುಖ ಅರಳಿತು. ಹೊಟ್ಟೆ ತುಂಬ ಊಟ ಮಾಡಿದರು. ಆಮೇಲೆ ನಿಲ್ಲಿಸುವುದಾದರೂ ಹೇಗೆ? ಮುತ್ತಿನತ್ತೆ ಮದುವೆಯ ಫೋಟೋ ಹರಿದು ಹಾಕಿದರೆ, “ಇದು ಚೆನ್ನಾಗಿ ಬಂದಿಲ್ಲ, ಇನ್ನೊಂದು ತೆಗೆಸೋಣ.” ಸೊಸೆಯನ್ನು ಕೋಣೆಯಲ್ಲಿ ಕೂಡಿ ಹಾಕಿದರೆ, “ಹೊರಗೆ ಚಳಿ, ಬಾಗಿಲು ಹಾಕಿರಲಿ.”

ನಿಜ ಹೇಳಬೇಕೆಂದರೆ, ಈಚೀಚೆಗೆ ರೇಡಿಯೋಗೆ ಅದರಲ್ಲಿ ಮಜಾ ಬರಲು ಶುರುವಾಗಿತ್ತು. ಅದಕ್ಕೆ ಕಾರಣ ಟೈಲರ್ ಅಂಗಡಿ.

ಬೀದಿಯ ಮೂಲೆಯ ಆ ಅಂಗಡಿಯಲ್ಲಿ ಅಜ್ಜಿ ಕೈಹೊಲಿಗೆ ಮಾಡುತ್ತಿದ್ದರು. ಗುಂಡಿ ಹಚ್ಚುವುದು, ಕಾಜ ಮಾಡುವುದು, ಅಂಚು ಮಡಿಚಿ ಹೆಮ್ಮಿಂಗ್ ಹಾಕುವುದು. ಕೈ ಹೊಲಿಯುತ್ತಿದ್ದರೆ ಬಾಯಿ ಹಿಂದಿನ ದಿನದ ಸೀರಿಯಲ್ ಹೇಳುತ್ತಿತ್ತು. ಅಲ್ಲಿ ಬೇರೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಅಜ್ಜಿ ಹೇಳಿದ್ದೇ ಕತೆ. ಜಗಳ ಬಂದರೆ ಟೈಲರಮ್ಮನ ಮೆಶೀನು ದಡದಡ ಓಡುತ್ತಿತ್ತು. ಅಳು ಬಂದರೆ ನಿಧಾನವಾಗುತ್ತಿತ್ತು. ಇಸ್ತ್ರಿ ಅಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತ ಒಂದು ಕಾಲರನ್ನು ಸುಟ್ಟೂ ಇದ್ದ.

ಸ್ಕೂಲು ಬಿಟ್ಟ ಮೇಲೆ ರೇಡಿಯೋ ಅಲ್ಲಿಗೇ ಹೋಗಿ ಕೂರುತ್ತಿದ್ದಳು. ಎಲ್ಲರೂ ನಕ್ಕಾಗ, ಅದು ನನ್ನ ಡೈಲಾಗು ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಸೊಳ್ಳೆಯ ಮಾರನೇ ದಿನ ಅವಳು ಅಂಗಡಿಯ ಹತ್ತಿರ ಬಂದಾಗ ಒಳಗೆ ಗಲಾಟೆ ನಡೆದಿತ್ತು.

“ಸೊಳ್ಳೆನಾ? ಯಾವ ಸೊಳ್ಳೆ ಅಜ್ಜಿ?” ಯಾರದೋ ಹೊಸ ದನಿ. “ಅವಳು ಸೊಸೆ ಕಪಾಳಕ್ಕೆ ಬಾರಿಸಿದ್ಲು. ತೊಲಗು ಅಂದ್ಲು. ನಾನೇ ಕಣ್ಣಾರೆ ಓದಿದ್ದೀನಿ.”

ಆ ದನಿ, ಬಟ್ಟೆಯ ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಶೀನಿಗೆ ಅವತ್ತೇ ಹೊಸದಾಗಿ ಸೇರಿದ್ದ ಅಕ್ಕನದು.

“ಅಯ್ಯೋ, ನಮ್ಮ ಮುತ್ತಿನತ್ತೆ ಹಾಗೆಲ್ಲ ಅನ್ನೋರಲ್ಲಮ್ಮ,” ಎಂದರು ಟೈಲರಮ್ಮ. “ಕೈ ಒಂಚೂರು ಒರಟು, ಅಷ್ಟೆ.”

“ಮಗು ಕಿತ್ಕೊಂಡಿದ್ದು?”

“ಸೊಸೆ ರೆಸ್ಟ್ ತಗೊಳ್ಳಲಿ ಅಂತ,” ಎಂದ ಇಸ್ತ್ರಿ ಅಣ್ಣ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಅಜ್ಜಿ, ತಪ್ಪು ತಿಳ್ಕೋಬೇಡಿ. ಅಕ್ಷರ ಬೇಗ ಬೇಗ ಹೋಗುತ್ತಲ್ವಾ, ನಿಮಗೆ ಓದೋಕೆ ಆಗಿಲ್ಲ ಅನ್ಸುತ್ತೆ.”

“ಓದೋದು ನಾನಲ್ಲಮ್ಮ, ನನ್ನ ಮೊಮ್ಮಗಳು.” ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. “ಸ್ಕೂಲಲ್ಲಿ ಅವಳ ಕೈಗೆ ಮೈಕ್ ಕೊಟ್ಟು ಓದಿಸ್ತಾರೆ. ಅವಳು ಓದಿದ ಮೇಲೆ ಮುಗೀತು. ನೀನು ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೋ.” ಅಷ್ಟರಲ್ಲಿ ಬಾಗಿಲಲ್ಲಿ ಮೊಮ್ಮಗಳು ಕಾಣಿಸಿದಳು. “ಇಗೋ, ಬಂದೇಬಿಟ್ಲು. ನೀನೇ ಹೇಳಮ್ಮ. ಸೊಳ್ಳೆ ಇತ್ತೋ ಇಲ್ವೋ?”

ಎಲ್ಲ ಮೆಶೀನುಗಳೂ ನಿಂತವು.

ಇತ್ತು ಅಂದರೆ ಸಾಕಾಗಿತ್ತು. ಅಜ್ಜಿಯ ಕತೆ ಗೆಲ್ಲುತ್ತಿತ್ತು. ಓವರ್‌ಲಾಕ್ ಅಕ್ಕನ ಮಾತನ್ನು ಇಲ್ಲಿ ಯಾರು ನಂಬುತ್ತಾರೆ? ಆದರೆ ಆ ಅಕ್ಕನ ಮುಖದಲ್ಲಿ ಈಗ ನಗು ಇರಲಿಲ್ಲ. ಮೊದಲ ದಿನವೇ ಸುಳ್ಳಿ ಅನ್ನಿಸಿಕೊಳ್ಳುವವರ ಮುಖ ಅದು. ಅಜ್ಜಿಯಂತೂ ಕನ್ನಡಕದ ಮೇಲಿನಿಂದ ಮೊಮ್ಮಗಳನ್ನೇ ನೋಡುತ್ತ ಕೂತಿದ್ದರು. ಅವರ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ರೇಡಿಯೋಗೆ ಅದನ್ನೇ ತಡೆಯಲಾಗಲಿಲ್ಲ.

“ಸೊಳ್ಳೆ ಇರಲಿಲ್ಲ,” ಎಂದಳು. “ನಾನು ಬದಲಾಯಿಸಿ ಓದಿದೆ.”

ಇಸ್ತ್ರಿ ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ.

“ಹಾಗಾದ್ರೆ ಟೂರು?” ಎಂದು ಇಸ್ತ್ರಿ ಅಣ್ಣ ಮೆಲ್ಲಗೆ ಕೇಳಿದ.

“ಮನೆಯಿಂದ ಹೊರಗೆ ಹಾಕಿದ್ದು.”

“ಆ ಮದುವೆ ಫೋಟೋ? ಚೆನ್ನಾಗಿ ಬಂದಿರಲಿಲ್ಲ ಅಂತ?” ಟೈಲರಮ್ಮನ ದನಿಯಲ್ಲಿ ಇನ್ನೂ ಸ್ವಲ್ಪ ಆಸೆಯಿತ್ತು.

“ಚೆನ್ನಾಗೇ ಬಂದಿತ್ತು.”

ಟೈಲರಮ್ಮ ನಿಟ್ಟುಸಿರು ಬಿಟ್ಟರು. ತಮ್ಮ ಸ್ವಂತ ಅತ್ತೆಯೇ ಕೈಕೊಟ್ಟಂತೆ ಕೂತುಬಿಟ್ಟರು.

ಅಜ್ಜಿ ಕೊನೆಯ ಗುಂಡಿ ಹಚ್ಚಿ, ದಾರ ಕತ್ತರಿಸಿ, ಅಂಗಿಯನ್ನು ಮಡಿಸಿಟ್ಟರು. ಓವರ್‌ಲಾಕ್ ಅಕ್ಕನ ಮುಂದೆ ನಿಂತು, “ನಿನ್ನ ಕಣ್ಣು ಸರಿಯಾಗೇ ಇದೆಯಮ್ಮ,” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ರೇಡಿಯೋ ಹಿಂದೆಯೇ ಓಡಿದಳು. ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿದವು. ಒಂದನ್ನೂ ಅವಳು ಓದಲಿಲ್ಲ.

“ಯಾವಾಗಿನಿಂದ?” ಎಂದು ಅಜ್ಜಿ ಕೇಳಿದರು.

“ಮಗು ಕಿತ್ಕೊಂಡ ಮಾರನೇ ದಿನದಿಂದ. ನೀನು ಊಟ ಮಾಡಲಿಲ್ವಲ್ಲ ಅಜ್ಜಿ. ಬಿಪಿ ಅಂತ ಅಮ್ಮ...”

“ಆ ಹೆಂಗಸಿಗೆ ಮೊನ್ನೆ ಕೆಮ್ಮು ಬಂದಿತ್ತು. ಬೇಗ ವಾಸಿಯಾಗಲಿ ಅಂತ ನಾನು ಬೇಡ್ಕೊಂಡಿದ್ದೀನಿ, ಗೊತ್ತಾ?”

ಬೇರೆ ದಿನವಾಗಿದ್ದರೆ ರೇಡಿಯೋಗೆ ನಗು ಬರುತ್ತಿತ್ತು.

ಅಜ್ಜಿ ನಡುಬೀದಿಯಲ್ಲಿ ನಿಂತರು. “ನನಗೆ ಬೇಜಾರಾಗಿದ್ದು ಸೊಳ್ಳೆಗಲ್ಲ ಕಣೇ. ಆ ಹುಡುಗಿ ಅಲ್ಲಿ ಅಷ್ಟು ಕಷ್ಟಪಡ್ತಾ ಇದ್ಲು. ನಾನು ಇಲ್ಲಿ ನಗ್ತಾ ಕೂತಿದ್ದೆ.”

“ಅದು ಸೀರಿಯಲ್ ಅಜ್ಜಿ.”

“ಹೂಂ, ಸೀರಿಯಲ್ಲೇ,” ಎಂದು ಅಜ್ಜಿ ಮತ್ತೆ ನಡೆಯತೊಡಗಿದರು.

ಸಂಜೆ ಟಿವಿ ಹಾಕಿದಾಗ ಅಜ್ಜಿ ಮೊಮ್ಮಗಳನ್ನು ಕರೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನಿಗೆ, “ಇವತ್ತು ನೀನು ಓದೋ,” ಎಂದರು.

“ನಾನಾ?” ಅಪ್ಪ ಬೆಚ್ಚಿಬಿದ್ದರು. ಆದರೂ ಓದಿದರು. ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗುವ ಹಾಗೆ ಓದಿದರು. “ಚಹಾ ತರಲೇ. ನನ್ನ ಹೃದಯ ಒಡೆದುಹೋಗಿದೆ. ಕಾರಿನ ಕೀಲಿ ಎಲ್ಲಿ.”

“ಯಾರ ಹೃದಯ ಕಣೋ ಒಡೆದಿದ್ದು?”

“ಅದರಲ್ಲಿ ಹಾಗೆಲ್ಲ ಬರೆದಿಲ್ಲಮ್ಮ.”

“ಮುಖ ನೋಡಿದ್ರೆ ಗೊತ್ತಾಗಲ್ವೇನೋ?”

“ಮುಖ ನೋಡಿದ್ರೆ ಅಕ್ಷರ ಹೋಗುತ್ತೆ, ಅಕ್ಷರ ನೋಡಿದ್ರೆ ಮುಖ ಹೋಗುತ್ತೆ,” ಎಂದು ಅಪ್ಪ ಬೆವರೊರೆಸಿಕೊಂಡರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅಪ್ಪ ಅದನ್ನು ಹಿಡಿದುಕೊಂಡು ಹೊರಗೆ ಹಾರಿದರು. ಸದ್ಯ, ಬದುಕಿದೆ ಅನ್ನುವಂತಿತ್ತು ಅವರ ಓಟ.

ರೇಡಿಯೋ ಒಳಕೋಣೆಯ ಬಾಗಿಲಲ್ಲಿ ಹೋಮ್‌ವರ್ಕ್ ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು. ಟಿವಿಯಲ್ಲಿ ಗೇಟಿನ ಹೊರಗೆ ಕಣ್ಣೀರಮ್ಮ ಒಬ್ಬಳೇ ನಿಂತಿದ್ದಳು. ಮೇಲಿನ ಮಹಡಿಯ ಒಂದು ಕಿಟಕಿಯಲ್ಲಿ ದೀಪವಿತ್ತು. ಅವಳ ತುಟಿ ಅಲುಗಿತು. ಕೆಳಗೆ ಅಕ್ಷರ ಬಂತು.

ಅಜ್ಜಿ ಮುಂದಕ್ಕೆ ಬಾಗಿದರು. “ನನ್ನ... ಮಗು... ನ...” ಸಾಲು ಮಾಯವಾಯಿತು. ಇನ್ನೊಂದು ಬಂತು. “ಅವನು... ರಾ...” ಅದೂ ಹೋಯಿತು. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಅವನು ರಾತ್ರಿ ಎದ್ದರೆ ಯಾರು ಎತ್ತಿಕೊಳ್ಳುತ್ತಾರೆ?” ಎಂದು ಓದಿದಳು ರೇಡಿಯೋ, ನಿಂತಲ್ಲಿಂದಲೇ.

ಅಜ್ಜಿ ತಿರುಗಿ ನೋಡಲಿಲ್ಲ. ಬೇಡ ಅನ್ನಲೂ ಇಲ್ಲ.

ಗೇಟಿನ ಒಳಗಡೆಯಿಂದ ಮುತ್ತಿನತ್ತೆ ಬಂದಳು. “ಮತ್ತೆ ಯಾಕೆ ಬಂದೆ?” ರೇಡಿಯೋ ಒಂದು ಹೆಜ್ಜೆ ಮುಂದೆ ಬಂದು ಓದಿದಳು. ಆಮೇಲೆ ಕಣ್ಣೀರಮ್ಮನ ಮಾತು: “ದೂರದಿಂದ ನೋಡಿ ಹೋಗುತ್ತೇನೆ. ಅವನು ನನ್ನನ್ನು ಮರೆತುಬಿಡುತ್ತಾನೆಯೇ?”

ಮುತ್ತಿನತ್ತೆಯ ಉತ್ತರ ಬಂತು. ರೇಡಿಯೋ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಇದಕ್ಕೆ ಬೇರೆ ಮಾತು ಹುಡುಕುವುದು ಸುಲಭವಾಗಿತ್ತು. ಹುಡುಕುವ ಮೊದಲೇ ಒಂದೆರಡು ನಾಲಿಗೆಯ ತುದಿಗೆ ಬಂದೂ ಇದ್ದವು.

“ಏನಂದ್ಲು?” ಎಂದರು ಅಜ್ಜಿ.

“‘ಈಗಲೇ ಮರೆತಿದ್ದಾನೆ,’ ಅಂದ್ಲು.”

ಅಜ್ಜಿ ಕೈಯನ್ನು ಬಾಯಿಯ ಮೇಲಿಟ್ಟುಕೊಂಡರು. ಅವರ ಭುಜ ಅಲುಗಿತು. “ಇವಳ ಮುತ್ತು ಉದುರಿಹೋಗ,” ಎಂದು ಮುತ್ತಿನತ್ತೆಗೆ ಒಂದು ಬೈಗುಳ ಬಿದ್ದಿತು. “ಇವಳಿಗೆ ಕೆಮ್ಮಲ್ಲ, ಇನ್ನೇನೋ ಬರಬೇಕಿತ್ತು.”

ಪರದೆಯ ಮೇಲೆ ಕಣ್ಣೀರಮ್ಮ ಇನ್ನೂ ಕಿಟಕಿಯನ್ನೇ ನೋಡುತ್ತಿದ್ದಳು. ಇಷ್ಟು ದಿನ ರೇಡಿಯೋ ಅವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮುಂದಿನ ಸಾಲಿಗೆ ಏನು ಹೇಳಲಿ ಎಂದು ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಈಗ ನೋಡಿದಳು. ಹೊಸ ಸಾಲು ಬಂತು, ಆದರೆ ಅಕ್ಷರಗಳೆಲ್ಲ ನೀರಿನಲ್ಲಿ ಬಿದ್ದ ಹಾಗೆ ಕಲಸಿಹೋಗಿದ್ದವು.

ಅಜ್ಜಿ ಸೋಫಾದಲ್ಲಿ ಸ್ವಲ್ಪ ಸರಿದು ಕೂತರು. ರೇಡಿಯೋ ಬಂದು ಆ ಜಾಗದಲ್ಲಿ ಕೂತಳು.

“ಓದಕ್ಕೆ ಆಗ್ತಾ ಇಲ್ಲ ಅಜ್ಜಿ,” ಎಂದಳು. “ಅಳು ಬರ್ತಿದೆ.”

“ಬರಲಿ ಬಿಡು. ನನಗೂ ಬರ್ತಿದೆ.” ಅಜ್ಜಿ ತಮ್ಮ ಕರವಸ್ತ್ರದ ಒಂದು ತುದಿಯನ್ನು ಮೊಮ್ಮಗಳ ಕೈಗೆ ಕೊಟ್ಟು ಇನ್ನೊಂದು ತುದಿಯನ್ನು ತಾವಿಟ್ಟುಕೊಂಡರು. “ಆದ್ರೆ ಓದ್ತಾ ಅಳು. ಸಾಲು ಹೋಗುತ್ತೆ.”

ರೇಡಿಯೋ ಕಣ್ಣೊರೆಸಿಕೊಂಡಳು. ಮೂಗು ಕಟ್ಟಿ ದನಿ ಬೇರೆ ಯಾರದೋ ಹಾಗೆ ಕೇಳಿಸುತ್ತಿತ್ತು. ಅಜ್ಜಿಯ ತೋಳು ಅವಳ ತೋಳಿಗೆ ತಾಗಿತ್ತು, ಬೆಚ್ಚಗಿತ್ತು, ಅಳುವಿಗೆ ಸಣ್ಣಗೆ ಅಲುಗುತ್ತಿತ್ತು. ಈ ಸಲ ಅಜ್ಜಿಯ ಅಳುವಿನಿಂದ ಅವಳಿಗೆ ಹೆದರಿಕೆಯಾಗಲಿಲ್ಲ.

ಮುಂದಿನ ಸಾಲು ಬಂತು. ಅವಳು ಒಂದಕ್ಷರವನ್ನೂ ಬಿಡದೆ ಓದಿದಳು.