ಕಾಫಿ ಕೋಣೆಯಲ್ಲಿ ಸಿಕ್ಕಿಬಿದ್ದ ಮಂತ್ರಿ

"ನನ್ನನ್ನ ಕೂಡಿಹಾಕಿ ತೀರ್ಮಾನ ಮಾಡ್ಕೊಂಡ್ರಾ? ನನ್ನ ಕೇಳದೇ ಬಾಯ್ಲರ್ ಕಳಿಸ್ತೀರಾ?"

ಕಾವಲುಗಾರ ಕಾಫಿ ಕೋಣೆಯ ಬಾಗಿಲು ತೆರೆದದ್ದೇ ತಡ, ಮಂತ್ರಿ ವೆರೆಕ್ ಕೂಗಾಡುತ್ತ ಸಭೆಗೆ ನುಗ್ಗಿದರು. ಗಾಜಿನ ಗೂಡಿನಲ್ಲಿದ್ದ ದುಭಾಷಿ ಯಾನಾ ಹಣೆ ಚಚ್ಚಿಕೊಂಡಳು. ತನ್ನ ದೇಶದ ಈ ಮಂತ್ರಿ ಬ್ರಸೆಲ್ಸ್‌ಗೆ ಬಂದಾಗಲೆಲ್ಲ ಇದೇ ರಗಳೆ.

ಗಡಿಯಾಚೆ ಬಾಂಬು ಬೀಳುತ್ತಿತ್ತು, ಆಸ್ಪತ್ರೆಗಳಲ್ಲಿ ಕರೆಂಟಿರಲಿಲ್ಲ. ನೆರವು ಹೋಗಬೇಕಾದರೆ ಒಕ್ಕೂಟದ ಒಂದು ದೇಶವೂ ಬೇಡ ಅನ್ನಬಾರದು. ವೆರೆಕ್ ವಾರಗಟ್ಟಲೆ ಬೇಡ ಅನ್ನುತ್ತಲೇ ಬಂದಿದ್ದರು. ಇವತ್ತು ಅವರು ಕಾಫಿಗೆ ಎದ್ದುಹೋದ ಮೇಲೆ, ಅವರ ಕುರ್ಚಿಯಲ್ಲಿ ಕೂತ, ಮತದ ಹಕ್ಕಿಲ್ಲದ ಸಹಾಯಕ ಇಯರ್‌ಫೋನಿನಲ್ಲಿ ಅನುವಾದ ಕೇಳುತ್ತಿದ್ದ. ಅಧ್ಯಕ್ಷೆ ಐರಾ ಕೊನೇ ಗಳಿಗೆಯಲ್ಲಿ ನೆರವಿನ ಪಟ್ಟಿಗೆ ಜನರೇಟರನ್ನೂ ಸೇರಿಸಿ ತೀರ್ಮಾನ ಮುಗಿಸಿದ್ದರು. ಅನುವಾದಿಸುವಾಗ ದಣಿದ ಯಾನಾಳ ಬಾಯಿ ಒಂದು ಕಡೆ ತಪ್ಪಿತ್ತು, ತಿದ್ದಲು ಪುರುಸೊತ್ತಿರಲಿಲ್ಲ.

ಕಾನೂನು ಸಲಹೆಗಾರ್ತಿ ಗೋಡ್ಲೀವ್ ನಿಟ್ಟುಸಿರಿಟ್ಟರು. ಆ ಕಟ್ಟಡದ ಗೋಜಲೆಲ್ಲ ಕೊನೆಗೆ ಅವರ ತಲೆಗೇ.

"ಅವರಾಗೇ ಎದ್ದುಹೋಗಿದ್ದರೆ ತೀರ್ಮಾನಕ್ಕೆ ಅಡ್ಡಿಯಿಲ್ಲ. ಯಾರಾದ್ರೂ ಕೂಡಿಹಾಕಿದ್ರೆ ಎಲ್ಲ ರದ್ದು," ಎಂದರು ಐರಾಗೆ.

ಬಾಗಿಲು ನೋಡಿಬಂದರು. ಎಳೆದರೆ ತಾನೇ ಬೀಗ ಬೀಳುವಂಥದ್ದು. ಒಳಗಿಂದಲೋ ಹೊರಗಿಂದಲೋ ಯಾರು ಬೇಕಾದರೂ ಎಳೆದಿರಬಹುದು. ಆಮೇಲೆ ಯಾನಾಳ ಗೂಡಿಗೆ ಬಂದು ಪಿಸುಗುಟ್ಟಿದರು: "ಬಾಯ್ಲರ್ ಎಲ್ಲಿಂದ ಬಂತೇ, ಮಾರಾಯ್ತಿ?"

ಯಾನಾ ಕೆಂಪಾದಳು. "ನನ್ನ ಬಾಯಿಂದ, ಮೇಡಂ. ಜನರೇಟರ್ ಅನ್ನೋ ಬದಲು..."

ಎಲ್ಲರನ್ನೂ ಕೂರಿಸಿ ಗೋಡ್ಲೀವ್ ಕೇಳಿದರು: "ವೆರೆಕ್ ಅವರೇ, ಒಳಗೆ ಏನೂ ಕೇಳಿಸ್ಲಿಲ್ಲ ಅಲ್ವಾ?"

"ಗೋಡೆ ಬಿಟ್ರೆ ಬೇರೇನಿಲ್ಲ!"

"ಬಾಯ್ಲರ್ ಅನ್ನೋ ಮಾತು ಈ ಸಭೆಯಲ್ಲಿ ಬಂದೇ ಇಲ್ಲ. ಯಾನಾ ತಪ್ಪಿ ಹೇಳಿದ್ದು, ನಿಮ್ಮ ಭಾಷೆಯಲ್ಲಿ ಮಾತ್ರ. ಅದನ್ನ ಕೇಳಿದ್ದು ನಿಮ್ಮ ಸಹಾಯಕ ಒಬ್ಬನೇ. ಆತ ಕುರ್ಚಿ ಬಿಟ್ಟೆದ್ದಿಲ್ಲ, ಫೋನು ಮುಟ್ಟಿಲ್ಲ. ಹಾಗಾದ್ರೆ ಇನ್ನೊಂದು ಇಯರ್‌ಫೋನ್ ನಿಮ್ಮ ಜೇಬಲ್ಲಿದೆ. ಬಾಗಿಲು ಎಳ್ಕೊಂಡು, ಎಲ್ಲ ಕೇಳಿಸ್ಕೊಂಡು, ಮುಗಿದ ಮೇಲೆ ಬಡಿದ್ರಿ."

ವೆರೆಕ್‌ರ ಕೈ ಜೇಬಿನ ಮೇಲೆ ಹೋಯಿತು. "ನಿಮಗೇನು ಗೊತ್ತು? ಒಪ್ಪಿದ್ರೆ ಊರಲ್ಲಿ ನನ್ನ ಸಿಗಿದುಹಾಕ್ತಾರೆ. ಒಪ್ಪದಿದ್ರೆ ಆ ಆಸ್ಪತ್ರೆ ಮಕ್ಕಳು..."

"ಅಲ್ರೀ, ನೆರವೂ ಹೋಗ್ಬೇಕು, ನೀವೂ ಬಚಾವಾಗ್ಬೇಕು ಅಂತ ನಮ್ಮನ್ನ ಕಳ್ಳರನ್ನಾಗಿ ಮಾಡೋದಾ?" ಯಾನಾ ಗೂಡಿನಿಂದಲೇ ರೇಗಿದಳು.

ಗೋಡ್ಲೀವ್ ಕುರ್ಚಿ ಎಳೆದು ಎದುರಿಗೇ ಕೂತರು. "ಈಗಲೂ ಕೂಡಿಹಾಕಿದ್ರು ಅಂತೀರಾದ್ರೆ ಅನ್ನಿ. ಎಲ್ಲ ರದ್ದು ಮಾಡಿ ಮತ್ತೆ ಮತಕ್ಕೆ ಹಾಕ್ತೀವಿ. ಎಲ್ಲರ ಮುಂದೆ, ನಿಮ್ಮ ಬಾಯಾರೆ ಬೇಡ ಅನ್ನಿ."

ವೆರೆಕ್ ಜೇಬಿನಿಂದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಕಾಫಿಗೆ ಹೋಗಿದ್ದೆ," ಎಂದರು ಕೊನೆಗೆ. "ಹಾಗಂತಲೇ ಬರೆದುಕೊಳ್ಳಿ."